ಒಂದು ಮಿಲಿಗ್ರಾಂನ ಬೆಲೆ

ಮುಟ್ಟು ನಿಂತ ಮೇಲೆ ಯೋನಿ ಒಣಗಿ ಉರಿಯುವ ಹೆಂಗಸರಿಗೆ ಎಸ್ಟ್ರಾಡಿಯಾಲ್ ಎಂಬ ಹಾರ್ಮೋನಿನ ಪುಟ್ಟ ಗುಳಿಗೆಯನ್ನು ಒಳಗೆ ಇಟ್ಟುಕೊಳ್ಳಲು ವೈದ್ಯರು ಬರೆದುಕೊಡುತ್ತಾರೆ. ಒಂದರಲ್ಲಿ ಇರುವುದು 10 ಮೈಕ್ರೋಗ್ರಾಂ. ಮೊದಲ ಎರಡು ವಾರ ದಿನಕ್ಕೊಂದು, ಆಮೇಲೆ ವಾರಕ್ಕೆರಡು. ಮೊದಲ ವರ್ಷಕ್ಕೆ 114 ಗುಳಿಗೆ. ಹಾರ್ಮೋನು ಒಟ್ಟು 1.14 ಮಿಲಿಗ್ರಾಂ. ಬಾಯಲ್ಲಿ ನುಂಗುವ ಮಾತ್ರೆಯಾದರೆ ಒಂದೇ ದಿನಕ್ಕೆ ಹೆಚ್ಚುಕಡಿಮೆ ಅಷ್ಟು ಬೇಕಾಗುತ್ತದೆ. ಇಷ್ಟು ಅಲ್ಪದ ವಸ್ತು ದುಬಾರಿ ಎನಿಸುವುದು ಯಾಕೆ?

ಬ್ರ್ಯಾಂಡು, ಪೊಟ್ಟಣ, ಒಳಗಿಡುವ ಸಾಧನ, ನಡುವಿನವರ ಲಾಭ ಎಲ್ಲವೂ ಬೆಲೆಯೊಳಗೆ ಸೇರಿರುತ್ತವೆ. ಜೊತೆಗೆ ಕಾಲವೂ ಇದೆ. ಮುಟ್ಟು ನಿಲ್ಲುವ ಹೊತ್ತಿನಲ್ಲಿ ಮೈ ಬಿಸಿಯಾಗಿ ಬೆವರುವುದು ಬಹುಮಂದಿಗೆ ಕೆಲವು ವರ್ಷಗಳಲ್ಲಿ ತಣಿಯುತ್ತದೆ. ಯೋನಿಯ ಈ ಉರಿ ಸಾಮಾನ್ಯವಾಗಿ ತಾನಾಗಿ ಹೋಗುವುದಿಲ್ಲ, ಔಷಧಿ ಬಿಟ್ಟರೆ ಮರಳುತ್ತದೆ. ಹಾಗಾಗಿ ಹೆಂಗಸು ಲೆಕ್ಕ ಹಾಕಬೇಕಾದದ್ದು ಉಳಿದ ಆಯುಷ್ಯಕ್ಕೆ.

ಇಂಗ್ಲೆಂಡಿನಲ್ಲಿ 2023ರ ಏಪ್ರಿಲ್‌ನಲ್ಲಿ ಹಾರ್ಮೋನ್ ಚಿಕಿತ್ಸೆಗೆಂದೇ ವಾರ್ಷಿಕ ಪ್ರಮಾಣಪತ್ರವೊಂದು ಬಂತು. ಆಗಿನ 19.30 ಪೌಂಡ್, ಅಂದರೆ ಎರಡು ಔಷಧಿ ಚೀಟಿಗಳ ಶುಲ್ಕ, ಒಮ್ಮೆ ಕಟ್ಟಿದರೆ ಪಟ್ಟಿಯಲ್ಲಿರುವ ಹಾರ್ಮೋನ್ ಔಷಧಿಗಳು ವರ್ಷವಿಡೀ ಸಿಗುತ್ತವೆ. ಔಷಧಿ ಹಳೆಯದೇ. ಈ ನೋವಿಗೂ ಸಾರ್ವಜನಿಕ ಹಣದಲ್ಲಿ ಪಾಲು ಸಲ್ಲಬೇಕೆಂದು ಒಂದು ಸಮಾಜ ಒಪ್ಪಿತು, ಬೆಲೆ ಇಳಿಯಿತು.

ನಮ್ಮಲ್ಲಿ ಆ ಒಪ್ಪಿಗೆ ಮನೆಯೊಳಗೇ ಹುಟ್ಟಿಲ್ಲ. ಬಿಪಿ, ಸಕ್ಕರೆಯ ಮಾತ್ರೆ ತಿಂಗಳ ಸಾಮಾನಿನ ಜೊತೆಗೇ ಬರುತ್ತದೆ. ಯಾಕೆಂದು ಯಾರೂ ಕೇಳುವುದಿಲ್ಲ. ಇದೇ ಉರಿಗೆ ಹಚ್ಚುವ, ಎಸ್ಟ್ರಿಯಾಲ್ ಎಂಬ ಹಾರ್ಮೋನಿನ ಕ್ರೀಮಿನ ಟ್ಯೂಬು ಮುಗಿದರೆ ಮನೆಯ ಹೆಂಗಸು ಮಗನಿಗೂ ಹೇಳಲಾರಳು, ಗಂಡನಿಗೂ ಹೇಳಲಾರಳು. ಬರುವ ತಿಂಗಳು ನೋಡೋಣ ಎಂದು ಮುಂದೂಡುತ್ತಾಳೆ. ಅಷ್ಟರಲ್ಲಿ ಮತ್ತೆ ಉರಿಮೂತ್ರ, ಮತ್ತೆ ಮೂತ್ರಪರೀಕ್ಷೆ, ಮತ್ತೆ ಆಂಟಿಬಯೋಟಿಕ್. ಹೀಗೆ ಪದೇಪದೇ ಬರುವ ಮೂತ್ರದ ಸೋಂಕನ್ನು ಇದೇ ಕ್ರೀಮು ಕಡಿಮೆ ಮಾಡುತ್ತದೆ ಎಂಬುದನ್ನು ಆಕೆಗೆ ಹೇಳಿದವರು ಎಷ್ಟು ಜನ? ಹೆರುವ ಕಾಲ ಮುಗಿದ ದೇಹದ ಸುಖದುಃಖ ಖರ್ಚು ಮಾಡುವಷ್ಟು ದೊಡ್ಡದಲ್ಲ ಎಂಬ ನಂಬಿಕೆಗೆ ನಾವು ತೆರುತ್ತಿರುವ ದಂಡವಿದು. ಮೆಡಿಕಲ್ ಶಾಪಿನ ಬಿಲ್ಲಿಗಿಂತ ಇದೇ ಭಾರ ಎಂದು ನನಗನ್ನಿಸುತ್ತದೆ.

ಬಿಲ್ಲನ್ನೂ ಇಳಿಸಬಹುದು. ಚೀಟಿಯಲ್ಲಿ ಬ್ರ್ಯಾಂಡಿನ ಹೆಸರಿದ್ದರೆ ಅಂಗಡಿಯವರು ಬೇರೆ ಕಂಪನಿಯದನ್ನು ಕೊಡುವಂತಿಲ್ಲ. ನಮ್ಮ ಔಷಧ ನಿಯಮವೇ ಹಾಗಿದೆ. ವೈದ್ಯರು ಜನರಿಕ್ ಹೆಸರು ಬರೆದರೆ ಆಯ್ಕೆ ತೆರೆಯುತ್ತದೆ. ಹಾಗೇ ಬರೆಯಿರಿ ಎಂದು ಕೇಳುವುದು ಅವಿನಯವಲ್ಲ. ಕ್ರೀಮು, ಗುಳಿಗೆಗಳಲ್ಲಿ ಯಾವುದು ಅಗ್ಗ, ವಾರಕ್ಕೆರಡು ಸಲ ಸಾಕೇ ಎಂದೂ ಕೇಳಬೇಕು. ಮುಟ್ಟು ನಿಂತ ಮೇಲೆ ರಕ್ತ ಕಂಡಿದ್ದರೆ, ಸ್ತನ ಕ್ಯಾನ್ಸರ್ ಆಗಿದ್ದರೆ ಅದನ್ನು ಮೊದಲೇ ತಿಳಿಸಬೇಕು.

ಓದುತ್ತಿರುವ ಗಂಡಸರೇ, ಮಕ್ಕಳೇ, ಮನೆಯ ಔಷಧಿ ಪಟ್ಟಿಯಲ್ಲಿ ಈ ಟ್ಯೂಬಿನ ಹೆಸರನ್ನೂ ಬರೆದುಕೊಳ್ಳಿ, ಆಕೆ ಕೇಳುವ ಮೊದಲೇ ತಂದಿಡಿ.