ಅರಿತವನ ಮೇಲಿರುವ ಸಾಲ

ನೆಲಮಂಗಲ, ದೇವನಹಳ್ಳಿ, ಮಾಗಡಿ ಎಂದರೆ ಇಂದು ನಮಗೆ ನೆನಪಾಗುವುದು ಹೆದ್ದಾರಿ, ವಿಮಾನ ನಿಲ್ದಾಣ ಮತ್ತು ಏರುತ್ತಿರುವ ನಿವೇಶನದ ಬೆಲೆ. ಆದರೆ ಕ್ಷಯರೋಗದ ವಿಷಯದಲ್ಲಿ ಪಾಠ ಹೇಳುವ ವೈದ್ಯರಿಗೆ, ಅವರು ಯಾವ ದೇಶದವರೇ ಆಗಿರಲಿ, ಈ ತಾಲೂಕುಗಳ ಹಳ್ಳಿಗರು ಬೇರೊಂದು ಕಾರಣಕ್ಕೆ ಪರಿಚಿತರು. ಔಷಧಿಯ ವ್ಯವಸ್ಥೆ ತಲುಪದ ಊರಿನಲ್ಲಿ ಕ್ಷಯರೋಗಿಗಳ ಗತಿ ಏನಾಗುತ್ತದೆ ಎಂಬ ಪ್ರಶ್ನೆಗೆ ಜಗತ್ತಿಗೆ ಉತ್ತರ ದೊರೆತದ್ದು ಬಹುಮಟ್ಟಿಗೆ ಇವರ ಎದೆಯಿಂದ, ಇವರ ಕಫದಿಂದ.

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾದುದು 1959ರಲ್ಲಿ. ಮರುವರ್ಷ ಪ್ರಧಾನಿ ಜವಾಹರಲಾಲ್ ನೆಹರೂ ಅದನ್ನು ವಿಧಿವತ್ತಾಗಿ ಉದ್ಘಾಟಿಸಿದರು. ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ ಕೂಡ ನೆರವಿಗೆ ನಿಂತಿದ್ದವು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾ ನಿರ್ದೇಶಕರಾದ ಹಾಫ್‌ಡನ್ ಮಾಹ್ಲರ್ ಆರಂಭದ ದಿನಗಳಲ್ಲಿ ಇಲ್ಲಿ ದುಡಿದವರು. 1961ರಿಂದ 1968ರ ತನಕ ಈ ಸಂಸ್ಥೆಯವರು ಆಗಿನ ಬೆಂಗಳೂರು ಜಿಲ್ಲೆಯ ಈ ಮೂರು ತಾಲೂಕುಗಳಿಂದ 119 ಹಳ್ಳಿಗಳನ್ನು ಆರಿಸಿಕೊಂಡು, ಐದು ವರ್ಷಗಳ ಅಂತರದಲ್ಲಿ ನಾಲ್ಕು ಬಾರಿ ಮನೆ ಮನೆಗೆ ಹೋದರು. ತೋಳಿನಲ್ಲಿ ಪರೀಕ್ಷೆಯ ಚುಚ್ಚುಮದ್ದು, ದೊಡ್ಡವರಿಗೂ ಐದು ವರ್ಷ ದಾಟಿದ ಮಕ್ಕಳಿಗೂ ಎದೆಯ ಎಕ್ಸ್‌ರೇ, ಎಕ್ಸ್‌ರೇಯಲ್ಲಿ ಸಂಶಯ ಕಂಡವರ ಕಫ. ಹೀಗೆ ನಡೆಯಿತು ಆ ಕೆಲಸ. ವ್ಯವಸ್ಥಿತವಾದ ಚಿಕಿತ್ಸಾ ಕಾರ್ಯಕ್ರಮ ಆಗ ಆ ಹಳ್ಳಿಗಳಲ್ಲಿ ಇರಲಿಲ್ಲ. ಮೊದಲ ಸುತ್ತಿನಲ್ಲಿ ಕಫದಲ್ಲಿ ರೋಗಾಣು ಕಂಡವರ ಪೈಕಿ ಐದು ವರ್ಷಗಳ ಕೊನೆಗೆ ನೂರಕ್ಕೆ 49 ಮಂದಿ ತೀರಿಕೊಂಡಿದ್ದರು. ನೂರಕ್ಕೆ 18 ಮಂದಿ ಇನ್ನೂ ರೋಗಾಣುವನ್ನು ಹೊತ್ತು ಬದುಕಿದ್ದರು. ಉಳಿದ ಮೂರನೇ ಒಂದು ಪಾಲು ಜನರ ಕಫ ತಾನಾಗಿಯೇ ಶುದ್ಧವಾಗಿತ್ತು.

ಈ ಅಂಕಿಗಳು 1974ರಲ್ಲಿ ಪ್ರಕಟವಾದವು. ಇಂದಿಗೂ ಅವುಗಳನ್ನು ಉಲ್ಲೇಖಿಸುತ್ತಾರೆ. ಆದರೆ ಓದುವಾಗ ಮನಸ್ಸು ಒಂದು ಕಡೆ ತಡೆದು ನಿಲ್ಲುತ್ತದೆ. ಸ್ಟ್ರೆಪ್ಟೊಮೈಸಿನ್ 1940ರ ದಶಕದಲ್ಲೇ ಬಂದಿತ್ತು, ಐಸೋನಿಯಾಝಿಡ್ 1952ರಲ್ಲಿ. ಕ್ಷಯಕ್ಕೆ ಆಸ್ಪತ್ರೆಯಲ್ಲಿ ಮಲಗಲೇಬೇಕೆಂದಿಲ್ಲ, ಮನೆಯಲ್ಲಿದ್ದುಕೊಂಡೇ ಮಾತ್ರೆ ತಿಂದು ಗುಣವಾಗಬಹುದೆಂದು ಮದ್ರಾಸಿನ ಪ್ರಯೋಗ 1959ರಲ್ಲೇ ತೋರಿಸಿತ್ತು. ಹಾಗಿರುವಾಗ, ಒಬ್ಬನ ಕಫದಲ್ಲಿ ಸಾವು ಕುಳಿತಿದೆ ಎಂದು ತಿಳಿದವನು ಅವನ ಹೆಸರಿನ ಮುಂದೆ ಗುರುತು ಹಾಕಿ, ಮುಂದಿನ ಸುತ್ತಿಗೆ ಬಂದು ಅವನು ಇದ್ದಾನೋ ಇಲ್ಲವೋ ಎಂದು ನೋಡುವುದು ಸರಿಯೇ?

ಆತುರದ ಉತ್ತರ ಬೇಡ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರ ತನಕ ಸುಮಾರು 400 ಮಂದಿ ಕರಿಯ ಬಡವರ ಸಿಫಿಲಿಸ್ ರೋಗವನ್ನು ಸರಕಾರಿ ವೈದ್ಯರು ಗಮನಿಸುತ್ತಲೇ ಇದ್ದರು. ಪೆನ್ಸಿಲಿನ್ ಬಂದ ಬಳಿಕವೂ ಕೊಡಲಿಲ್ಲ, ನಿಮಗೆ ಚಿಕಿತ್ಸೆ ನಡೆಯುತ್ತಿದೆ ಎಂದು ಸುಳ್ಳನ್ನೂ ಹೇಳಿದರು. ಅದು ವಂಚನೆ. ನಮ್ಮ ತಾಲೂಕುಗಳ ಕಥೆಯನ್ನು ಅದರ ಪಕ್ಕದಲ್ಲಿಡುವುದು ಅನ್ಯಾಯ. ಇಲ್ಲಿಯ ವೈದ್ಯರು ಯಾರಿಗೂ ರೋಗ ಹಚ್ಚಲಿಲ್ಲ. ದೇಶದಲ್ಲಿ ಲಕ್ಷಾಂತರ ರೋಗಿಗಳಿದ್ದರು, ಎಲ್ಲರಿಗೂ ಸಾಲುವಷ್ಟು ಔಷಧಿ ಸರಕಾರದ ಕೈಯಲ್ಲಿ ಇರಲಿಲ್ಲ. ಎಷ್ಟು ಮಂದಿ ರೋಗಿಗಳಿದ್ದಾರೆ, ಎಷ್ಟು ಮಂದಿ ಹೊಸಬರು ಸೇರುತ್ತಾರೆ ಎಂಬ ಲೆಕ್ಕವಿಲ್ಲದೆ ಯೋಜನೆ ಮಾಡುವುದಾದರೂ ಹೇಗೆ? ಬಿಟ್ಟರೆ ಅರ್ಧದಷ್ಟು ಜನ ಸಾಯುತ್ತಾರೆ ಎಂಬ ಒಂದು ಅಂಕಿ ಎಷ್ಟು ಮಂತ್ರಿಗಳ ಬಾಯಿ ಮುಚ್ಚಿಸಿರಬಹುದು! ಆ ಲೆಕ್ಕದಿಂದ ಪ್ರಯೋಜನ ಪಡೆದವರಲ್ಲಿ ನಾವೂ ನಮ್ಮ ಮಕ್ಕಳೂ ಇದ್ದೇವೆ.

ಆದರೂ ಪ್ರಶ್ನೆ ಹೋಗುವುದಿಲ್ಲ. ಏಕೆಂದರೆ ಇದು ಹಳೆಯ ಪ್ರಶ್ನೆ, ನಮ್ಮ ಮನೆಯೊಳಗಿನದೂ ಹೌದು. ಅಬೂಬಕರ್ ಅರ್ರಾಝಿಯವರ ಹೆಸರನ್ನು ನಾವು ಅಭಿಮಾನದಿಂದ ಹೇಳುತ್ತೇವೆ. ಸುಮಾರು ಸಾವಿರದ ನೂರು ವರ್ಷಗಳ ಹಿಂದಿನ ಆ ಮಹಾ ವೈದ್ಯರು ತಮ್ಮ ಟಿಪ್ಪಣಿಗಳಲ್ಲಿ ಒಂದು ಸಂಗತಿ ಬರೆದಿದ್ದಾರೆ. ಮೆದುಳಿನ ಪೊರೆಯ ಬಾವಿನ ಲಕ್ಷಣ ಕಂಡ ರೋಗಿಗಳಲ್ಲಿ ಒಂದು ಗುಂಪಿಗೆ ಅವರು ರಕ್ತ ತೆಗೆದು ಚಿಕಿತ್ಸೆ ಮಾಡಿದರು. ಇನ್ನೊಂದು ಗುಂಪನ್ನು ಬೇಕೆಂದೇ ಹಾಗೆಯೇ ಬಿಟ್ಟರು, ನಿಜ ಯಾವುದೆಂದು ತಿಳಿಯುವ ಸಲುವಾಗಿ. ವಿಜ್ಞಾನದ ಚರಿತ್ರೆ ಬರೆಯುವವರು ಇದನ್ನು ಮೆಚ್ಚುತ್ತಾರೆ, ಮೆಚ್ಚಬೇಕಾದದ್ದೇ. ಹೋಲಿಸಿ ನೋಡದೆ ಔಷಧಿಯ ಗುಣ ತಿಳಿಯದು ಎಂಬ ಅರಿವು ಆ ಕಾಲದಲ್ಲಿ ಸಣ್ಣದಲ್ಲ. ಆದರೆ ಬಿಟ್ಟುಬಿಟ್ಟ ಆ ಗುಂಪಿನ ಮಾತು? ರಕ್ತ ತೆಗೆಸಿಕೊಂಡವರು ಉಳಿದರು ಎಂದು ಅರ್ರಾಝಿ ನಂಬಿದರು. ಇಂದಿನ ವೈದ್ಯರು ಆ ರೋಗಕ್ಕೆ ರಕ್ತ ತೆಗೆಯುವುದಿಲ್ಲ. ಅಂದರೆ ಬಿಟ್ಟುಬಿಟ್ಟವರಿಗೆ ನಷ್ಟವೇ ಆಗದಿರಲೂಬಹುದು. ಅಷ್ಟಿದ್ದರೂ, ಇದು ಜೀವ ಉಳಿಸುವ ಮದ್ದು ಎಂದು ತಿಳಿದವನು ಅದನ್ನು ಕೊಡದೆ ನಿಂತಾಗ ಅವನ ಮನಸ್ಸಿನಲ್ಲಿ ಇದ್ದುದೇನು ಎಂಬ ಪ್ರಶ್ನೆ ಉಳಿಯುತ್ತದೆ.

ನಮ್ಮ ಫಿಕ್‌ಹ್ ಗ್ರಂಥಗಳಲ್ಲಿ ಒಂದು ಮಸ್‌ಅಲ ಇದೆ, ಮದ್ರಸದ ಎಳೆಯ ವಿದ್ಯಾರ್ಥಿಗೂ ಗೊತ್ತಿರುವಂಥದು. ನಮಾಝಿನಲ್ಲಿ ನಿಂತಿರುವವನ ಕಣ್ಣಿಗೆ ಒಬ್ಬನು ನೀರಿನಲ್ಲಿ ಮುಳುಗುತ್ತಿರುವುದು ಕಂಡರೆ, ರಕ್ಷಿಸಲು ತನ್ನಿಂದಾಗುವುದಾದರೆ, ಅವನು ನಮಾಝನ್ನು ಮುರಿದು ಓಡಬೇಕು. ನಮಾಝಿಗಿಂತ ದೊಡ್ಡ ಇಬಾದತ್ ಯಾವುದಿದೆ? ಅದನ್ನೇ ನಡುವೆ ಬಿಡಬೇಕು ಎಂದಾದರೆ, ಇನ್ನಾವುದೇ ಕೆಲಸಕ್ಕೆ, ಅದು ಎಷ್ಟೇ ಉದಾತ್ತವಾಗಿರಲಿ, ಬಿಡದೆ ಪೂರೈಸುವ ಹಕ್ಕು ಎಲ್ಲಿಂದ ಬಂತು? ಇದನ್ನು ಹೇಳಿದಾಗ ನನ್ನ ಗೆಳೆಯರೊಬ್ಬರು, ವಿಜ್ಞಾನದ ಮೇಷ್ಟ್ರು, ತಕ್ಷಣ ಕೇಳಿದರು: ಈಜು ಬಾರದವನು ಏನು ಮಾಡಬೇಕು? ಒಳ್ಳೆಯ ಪ್ರಶ್ನೆ. ಪ್ರಯೋಗಾಲಯದವನ ಕೈಯಲ್ಲಿ ಔಷಧಿಯ ದಾಸ್ತಾನು ಇಲ್ಲದಿರಬಹುದು. ಈಜು ಬಾರದವನು ನೀರಿಗೆ ಹಾರಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಅವನು ಕೂಗಬೇಕು. ಮುಳುಗುವವನಿಗೆ ಹಗ್ಗ ಎಲ್ಲಿದೆಯೆಂದು ತಿಳಿಸಬೇಕು, ಹಗ್ಗ ಇರುವವರನ್ನು ಎಬ್ಬಿಸಬೇಕು. ಒಬ್ಬನ ದೇಹದಿಂದ ತಿಳಿದುಕೊಂಡ ವಿಷಯ ಮೊದಲು ಆ ಒಬ್ಬನ ಅಮಾನತು. ಪುಸ್ತಕದ ಕೋಷ್ಟಕಕ್ಕೆ ಅದರ ಮೇಲಿರುವ ಹಕ್ಕು ಆಮೇಲಿನದು. ನಿಯ್ಯತ್ ಒಳ್ಳೆಯದಿತ್ತು ಎಂಬುದರಿಂದ ಈ ಸಾಲ ತೀರುವುದಿಲ್ಲ. ಪರರ ಹಕ್ಕು ಅಂಥದು, ಹುತಾತ್ಮನ ಮೇಲೂ ಸಾಲದ ಹೊರೆ ಉಳಿಯುತ್ತದೆಂದು ನಮಗೆ ಕಲಿಸಲಾಗಿದೆ.

ಆ ಕಾಲದ ವೈದ್ಯರಲ್ಲಿ ಯಾರು ಯಾರಿಗೆ ಏನು ಹೇಳಿದರು ಎಂಬುದರ ತೀರ್ಪು ನಮ್ಮ ಕೈಯಲ್ಲಿಲ್ಲ. ಆದರೆ ಹೊಣೆಯನ್ನು ಅವರೊಬ್ಬರ ತಲೆಗೆ ಕಟ್ಟುವಂತೆಯೂ ಇಲ್ಲ. ವೈದ್ಯವಿದ್ಯೆಯನ್ನು ಇಮಾಮ್ ಗಝ್ಝಾಲಿಯವರು ಫರ್ಝ್ ಕಿಫಾಯಗಳ ಸಾಲಿಗೆ ಸೇರಿಸಿದ್ದಾರೆ. ಅಂದರೆ ಕೆಲವರು ಮಾಡಿದರೆ ಎಲ್ಲರ ಹೊರೆಯೂ ಇಳಿಯುತ್ತದೆ, ಯಾರೂ ಮಾಡದಿದ್ದರೆ ಇಡೀ ಊರೇ ತಪ್ಪಿತಸ್ಥ. 119 ಹಳ್ಳಿಗಳಲ್ಲಿ ರೋಗಿಗಳು ಸಾಯುತ್ತಿದ್ದಾಗ ಹತ್ತಿರದ ಪೇಟೆಗಳಲ್ಲಿ ಮಸೀದಿಗಳಿದ್ದವು, ಮಠಗಳಿದ್ದವು, ಹಣವಂತರಿದ್ದರು.

ಇದೇ ಸಂಸ್ಥೆಯ ಇನ್ನೊಂದು ಕೆಲಸವನ್ನು ಇಲ್ಲಿ ಹೇಳದಿದ್ದರೆ ಮಾತು ಅರ್ಧವಾದೀತು. ನನ್ನ ದೃಷ್ಟಿಯಲ್ಲಿ ಅದು ಇದಕ್ಕಿಂತಲೂ ದೊಡ್ಡದು. ಹಳ್ಳಿಯವನು ಅಜ್ಞಾನಿ, ರೋಗ ಬಂದರೂ ಅವನಿಗೆ ತಿಳಿಯುವುದಿಲ್ಲ, ದೇವರ ಮೇಲೆ ಭಾರ ಹಾಕಿ ಕೂರುತ್ತಾನೆ ಎಂಬುದು ಪೇಟೆಯವರ ಹಳೆಯ ನಂಬಿಕೆ. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬಿಬ್ಬರು ಪಕ್ಕದ ತುಮಕೂರು ಜಿಲ್ಲೆಯ ರೋಗಿಗಳನ್ನೇ ಹೋಗಿ ಕೇಳಿದರು. 1963ರಲ್ಲಿ ಅವರು ಪ್ರಕಟಿಸಿದ ವರದಿ ಆ ನಂಬಿಕೆಯನ್ನು ತಲೆಕೆಳಗು ಮಾಡಿತು. ಬಹುಪಾಲು ರೋಗಿಗಳಿಗೆ ತಮ್ಮ ಕೆಮ್ಮು, ಜ್ವರ, ಎದೆನೋವಿನ ಅರಿವಿತ್ತು. ಅರ್ಧಕ್ಕೂ ಹೆಚ್ಚು ಮಂದಿ ಆಸ್ಪತ್ರೆಯ ಬಾಗಿಲಿಗೆ ಹೋಗಿಯೂ ಇದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಸೀಸೆ. ಕಫ ಪರೀಕ್ಷೆ ಮಾಡುವವರೇ ಇರಲಿಲ್ಲ! ಕೂಲಿ ಬಿಟ್ಟು, ಎತ್ತಿನ ಗಾಡಿಯಲ್ಲೋ ಕಾಲ್ನಡಿಗೆಯಲ್ಲೋ ಬಂದವನನ್ನು ಬಾಗಿಲಿನಿಂದಲೇ ಹಿಂದೆ ಕಳಿಸಿ, ಮತ್ತೆ ಅವನನ್ನೇ ಅಜ್ಞಾನಿ ಎಂದು ಕರೆಯಲಾಗುತ್ತಿತ್ತು. ರೋಗಿಗಳು ಎಲ್ಲಿಗೆ ತಾವಾಗಿಯೇ ಬರುತ್ತಾರೋ ಅಲ್ಲಿಯೇ, ಸಾಮಾನ್ಯ ಆಸ್ಪತ್ರೆಯಲ್ಲಿಯೇ, ಕಫ ಪರೀಕ್ಷೆಯೂ ಉಚಿತ ಮಾತ್ರೆಯೂ ಸಿಗಬೇಕೆಂಬ ವಿಚಾರದ ಮೇಲೆ 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ನಿಂತಿತು. ಬಡವನ ದೇಹವನ್ನು ನೋಡುವುದು ಒಂದು, ಅವನ ಮಾತನ್ನು ಕೇಳುವುದು ಇನ್ನೊಂದು. ಈ ಎರಡನೆಯದನ್ನು ಮಾಡಿದ ವಿದ್ವಾಂಸರಿಗೆ ನಾವು ಋಣಿಗಳು.

ಇಂದು ಪರೀಕ್ಷೆಯೂ ಔಷಧಿಯೂ ಉಚಿತ. 2018ರಿಂದ ರೋಗಿಯ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು, 2024ರ ನವೆಂಬರ್‌ನಿಂದ ಅದು 1000 ಆಗಿದೆ. ಆದರೂ ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದಲ್ಲಿದ್ದಾರೆ. ಈಗ ಬಾಗಿಲು ಮುಚ್ಚಿರುವುದು ಅನೇಕ ವೇಳೆ ಆಸ್ಪತ್ರೆಯದಲ್ಲ, ಮನೆಯದು. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ತಿಂಗಳುಗಟ್ಟಲೆ ಕೆಮ್ಮುವವರನ್ನು ಕೇಳಿ ನೋಡಿ, ನೂಲಿನ ಧೂಳು ಎನ್ನುತ್ತಾರೆ. ಇರಲೂಬಹುದು. ಆದರೆ ಎರಡು ವಾರ ದಾಟಿದ ಕೆಮ್ಮು ಧೂಳಿನದೋ ಅಲ್ಲವೋ ಎಂದು ಹೇಳಬೇಕಾದದ್ದು ಕಫ ಪರೀಕ್ಷೆ, ಮಗ್ಗದ ಯಜಮಾನನಲ್ಲ. ಮಗಳಿಗೆ ಸಂಬಂಧ ಬರುತ್ತಿದೆ, ಈಗ ಆಸ್ಪತ್ರೆಗೆ ಹೋದರೆ ಜನ ಏನೆಂದಾರು ಎಂದು ತಾಯಿಯೊಬ್ಬರು ನನ್ನ ಮನೆಯವರೊಡನೆ ಪಿಸುಗುಟ್ಟಿದ್ದುಂಟು. ಆರು ತಿಂಗಳಲ್ಲಿ ಸಾಮಾನ್ಯವಾಗಿ ವಾಸಿಯಾಗುವ ರೋಗವನ್ನು ಮುಚ್ಚಿಟ್ಟು ನಿಕಾಹ್ ಮಾಡಿಸಿದರೆ ಎರಡು ಮನೆಗಳಲ್ಲಿ ಅದು ಹರಡುತ್ತದೆ. ಪ್ರಯೋಗಾಲಯದವನಿಗೆ ನಾವು ಕೇಳಿದ ಪ್ರಶ್ನೆ ಇಲ್ಲಿ ನಮ್ಮ ಮನೆಯವರಿಗೂ ಅನ್ವಯಿಸುತ್ತದೆ: ತಿಳಿದೂ ಸುಮ್ಮನಿರಬಹುದೇ?

ನಮ್ಮ ಭಾಗದ ಹಳ್ಳಿಗಳಿಗೆ ರಕ್ತ, ಕಫ, ಮಾಹಿತಿ ಕೇಳಿಕೊಂಡು ಸಂಶೋಧಕರು ಬಂದಾರು. ಬಂದರೆ ಬಾಗಿಲು ಹಾಕಬೇಡಿ, ಅವರ ಕೆಲಸದಿಂದ ಎಷ್ಟೋ ಮಕ್ಕಳು ಬದುಕಿದ್ದಾರೆ. ಆದರೆ ಸಹಿ ಹಾಕುವ ಮೊದಲು ಕೇಳಿ: ಇದು ಯಾವುದಕ್ಕೆ? ನನ್ನಲ್ಲಿ ರೋಗ ಕಂಡರೆ ನನಗೆ ಯಾವಾಗ, ಯಾರು ತಿಳಿಸುತ್ತಾರೆ? ಚಿಕಿತ್ಸೆಗೆ ಎಲ್ಲಿಗೆ ಕಳಿಸುತ್ತೀರಿ? ಕಾಗದ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿಯೋ ಉರ್ದುವಿನಲ್ಲಿಯೋ ಓದಿ ಹೇಳಿಸಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಪರಿಷ್ಕರಿಸಿದ ನಿಯಮಗಳಂತೆ ತಿಳಿಯುವ ಭಾಷೆಯಲ್ಲಿ ವಿವರಿಸುವುದು ಅವರ ಕರ್ತವ್ಯ. ಒಪ್ಪಿದ ಬಳಿಕವೂ ಬೇಡವೆನಿಸಿದರೆ ಹಿಂದೆ ಸರಿಯಬಹುದು, ಅದಕ್ಕಾಗಿ ನಿಮ್ಮ ಚಿಕಿತ್ಸೆಯನ್ನು ಯಾರೂ ನಿಲ್ಲಿಸುವಂತಿಲ್ಲ.