ಮುದಿ ಕುದುರೆಗೊಂದು ಎರವಲು ಮನೆ

ನಮ್ಮ ಊರಿನಲ್ಲಿ ಕುದುರೆ ಸಾಕಿದವರಿಲ್ಲ. ಹುರುಳಿ ಬೇಯಿಸುವ ಮನೆಗಳು ಈಗಲೂ ಒಂದೆರಡು ಉಂಟು, ಆದರೆ ಅದು ಕಂಬಳದ ಕೋಣಗಳಿಗೆ. ಹಾಗಿರುವಾಗ ಕುದುರೆಯ ಮಾತೆತ್ತುವುದಕ್ಕೆ ಕಾರಣ ಹೇಳಬೇಕಾಗುತ್ತದೆ. ನನ್ನ ತಂಗಿಯ ಮಗಳು ಇಂಗ್ಲೆಂಡಿನಲ್ಲಿ ನರ್ಸ್ ಆಗಿದ್ದಾಳೆ. ವಾರಕ್ಕೆ ಎರಡು ದಿನ ಬಿಡುವಿನ ಹೊತ್ತಿನಲ್ಲಿ ಪೇಟೆಯ ಹೊರಗಿನ ಒಂದು ಲಾಯಕ್ಕೆ ಹೋಗಿ, ಇಪ್ಪತ್ತಮೂರು ವರ್ಷ ಪ್ರಾಯದ ಒಂದು ಕುದುರೆಯ ಮೈ ಉಜ್ಜಿ, ಲದ್ದಿ ಬಾಚಿ, ಅರ್ಧ ಗಂಟೆ ಅದರ ಮೇಲೆ ಕೂತು ಮೆಲ್ಲಗೆ ನಡೆಸಿ ಬರುತ್ತಾಳೆ. ಕುದುರೆ ಅವಳದ್ದಲ್ಲ. ಇದಕ್ಕೆ ಅವಳಿಗೆ ಸಂಬಳವೂ ಇಲ್ಲ. ಬದಲಾಗಿ ಯಜಮಾನಿಗೆ ಇವಳೇ ವಾರ ವಾರ ಇಂತಿಷ್ಟು ಎಂದು ಹಣ ಕೊಡುತ್ತಾಳೆ. ಇದನ್ನು ಫೋನಿನಲ್ಲಿ ಕೇಳಿದ ದಿನ ನನ್ನ ತಂಗಿ ಊಟ ಮಾಡಲಿಲ್ಲ. ‘ಪರರ ಕುದುರೆಯ ಲದ್ದಿ ಬಾಚುವುದಕ್ಕೆ ದುಡ್ಡು ಕೊಟ್ಟು ಹೋಗುವವಳನ್ನು ಹೆತ್ತೆನಲ್ಲಾ’ ಎಂದಳು.

ಅಲ್ಲಿ ಇದೊಂದು ವಾಡಿಕೆ. ಕುದುರೆ ಸಾಕುವ ಖರ್ಚು ದೊಡ್ಡದು: ಲಾಯದ ಬಾಡಿಗೆ, ಒಣಹುಲ್ಲು, ಆರೆಂಟು ವಾರಕ್ಕೊಮ್ಮೆ ಗೊರಸು ಕೆತ್ತುವವನ ಕೂಲಿ, ಡಾಕ್ಟರು, ವಿಮೆ. ಯಜಮಾನನಿಗೆ ಕೆಲಸ ಬದಲಾಗುತ್ತದೆ, ಮಗು ಹುಟ್ಟುತ್ತದೆ, ಬೆನ್ನು ನೋವು ಬರುತ್ತದೆ. ಕುದುರೆ ಮಾತ್ರ ಇಪ್ಪತ್ತೈದು ಮೂವತ್ತು ವರ್ಷ ಬದುಕುತ್ತದೆ. ಆಗ ಒಬ್ಬ ಪಾಲುಗಾರನನ್ನು ಹುಡುಕುತ್ತಾರೆ. ಆತ ಖರ್ಚಿನ ಒಂದು ಪಾಲು ಕೊಟ್ಟು ವಾರದ ಕೆಲವು ದಿನ ಸವಾರಿ ಮಾಡಬಹುದು, ಚಾಕರಿಯನ್ನೂ ಮಾಡಬೇಕು. ಅದೂ ಸಾಲದಿದ್ದರೆ ಕುದುರೆಯನ್ನೇ ಇನ್ನೊಬ್ಬರ ಲಾಯಕ್ಕೆ ಎರವಲು ಕೊಡುತ್ತಾರೆ. ಸಾಕುವವರು ಅವರು, ಒಡೆತನ ಇವರದ್ದು. ಇದಕ್ಕೆ ಬರವಣಿಗೆಯ ಕರಾರು ಇರಬೇಕೆಂದು 1947ರಲ್ಲಿ ಹುಟ್ಟಿದ ಬ್ರಿಟಿಷ್ ಹಾರ್ಸ್ ಸೊಸೈಟಿಯಂಥ ಸಂಸ್ಥೆಗಳು ಹೇಳುತ್ತವೆ, ಮಾದರಿ ಕರಾರನ್ನೂ ಒದಗಿಸುತ್ತವೆ.

ಪ್ರಾಯದ ಕುದುರೆಯಾದರೆ ಎರವಲು ಕೊಡುವುದು ಸುಲಭ, ಕೇಳುವವರು ಸಾಲುಗಟ್ಟುತ್ತಾರೆ. ತೊಡಕಿರುವುದು ಮುದಿ ಕುದುರೆಯಲ್ಲಿ. ಹಲ್ಲು ಸವೆದು ಒಣಹುಲ್ಲನ್ನು ಜಗಿಯಲಾರದೆ ಉಂಡೆಯಾಗಿ ಉಗುಳುತ್ತದೆ. ನೆನೆಸಿ ಮೆತ್ತಗೆ ಮಾಡಿದ ಮೇವನ್ನು ದಿನಕ್ಕೆ ಮೂರು ನಾಲ್ಕು ಸಲ ಕೊಡಬೇಕು. ಕೀಲುಗಳಲ್ಲಿ ವಾತ. ಕುಶಿಂಗ್ಸ್ ಎಂಬ ಕಾಯಿಲೆ ಹಿಡಿದರೆ ಬೇಸಿಗೆ ಬಂದರೂ ಚಳಿಗಾಲದ ಕೂದಲು ಉದುರುವುದಿಲ್ಲ, ಗೊರಸಿನೊಳಗೆ ಉರಿ ಬಂದು ಕಾಲೂರುವುದೇ ಕಷ್ಟವಾಗುತ್ತದೆ. ಹಾಗೆಂದು ಪೂರ್ತಿ ನಿಲ್ಲಿಸಿಬಿಟ್ಟರೂ ಕೆಡುಕು. ಹಗುರವಾದ ನಡಿಗೆ ಕೀಲಿಗೆ ಒಳ್ಳೆಯದಂತೆ. ನಮ್ಮ ಹುಡುಗಿ ಒಪ್ಪಿಕೊಂಡದ್ದು ಈ ನಡಿಗೆಯನ್ನು. ಸವಾರಿಗೇ ಆಗದ ಕುದುರೆಯನ್ನು ಇನ್ನೊಂದು ಕುದುರೆಗೆ ಜತೆಯಾಗಿರಲೆಂದು ಎರವಲು ಕೊಡುವುದೂ ಉಂಟು. ಕುದುರೆ ಹಿಂಡಿನ ಪ್ರಾಣಿ, ಒಂಟಿಯಾಗಿ ಕೊರಗುತ್ತದೆ. ಆದರೆ ಬರಿಯ ಜತೆಗೆಂದು ಮುದಿ ಪ್ರಾಣಿಯ ಡಾಕ್ಟರ ಬಿಲ್ಲನ್ನು ಹೊರುವವರು ಎಷ್ಟು ಮಂದಿ ಸಿಕ್ಕಾರು?

ಇಲ್ಲಿಗೆ ಪ್ರಶ್ನೆಯ ಹತ್ತಿರ ಬಂದೆವು. ದುಡಿದು ದಣಿದ ಪ್ರಾಣಿಯ ಹೊಣೆಯನ್ನು ಇನ್ನೊಬ್ಬರಿಗೆ ದಾಟಿಸಬಹುದೇ? ದಾಟಿಸಿದ ಮೇಲೆ ನಮ್ಮಲ್ಲಿ ಏನಾದರೂ ಉಳಿಯುತ್ತದೆಯೇ?

ಇದು ಇಂದಿನ ಪ್ರಶ್ನೆಯಲ್ಲ. ರೋಮಿನ ಹಿರಿಯ ಕೇಟೋ ಮಿತವ್ಯಯಕ್ಕೆ ಹೆಸರಾದವನು. ಕೃಷಿಯ ಬಗ್ಗೆ ಅವನು ಬರೆದ ಗ್ರಂಥದಲ್ಲಿ, ಮುದಿ ಎತ್ತು, ಹಳೆಯ ಗಾಡಿ, ಹಳೆಯ ಹತಾರ, ಮುದಿ ಗುಲಾಮ, ರೋಗಿಷ್ಠ ಗುಲಾಮ, ಇವನ್ನೆಲ್ಲ ಮಾರಿಬಿಡಬೇಕೆಂಬ ಬುದ್ಧಿವಾದವಿದೆ. ಎಲ್ಲವೂ ಒಂದೇ ಪಟ್ಟಿಯಲ್ಲಿ. ಸ್ಪೇನಿನಲ್ಲಿ ಯುದ್ಧ ಮುಗಿಸಿ ಹಿಂದಿರುಗುವಾಗ, ತನ್ನನ್ನು ಹೊತ್ತ ಕುದುರೆಯನ್ನು ಅಲ್ಲೇ ಬಿಟ್ಟು ಬಂದನಂತೆ, ಹಡಗಿನ ಖರ್ಚು ಸರಕಾರದ ಮೇಲೆ ಬೀಳಬಾರದೆಂದು. ಇದನ್ನು ಬರೆದಿಟ್ಟ ಪ್ಲೂಟಾರ್ಕ್ ಅಲ್ಲೇ ತಡೆದು ನಿಂತು ಜಗಳಕ್ಕೆ ಬೀಳುತ್ತಾನೆ. ಇದು ಮಿತವ್ಯಯವೋ ಕ್ಷುದ್ರತೆಯೋ ಎಂದು ಓದುವವನೇ ಯೋಚಿಸಲಿ ಎನ್ನುತ್ತಾನೆ. ನ್ಯಾಯವೆಂಬುದು ಮನುಷ್ಯರ ನಡುವಿನದು, ದಯೆಗೆ ಆ ಬೇಲಿಯಿಲ್ಲ ಎನ್ನುವುದು ಅವನ ವಾದ. ಅಥೆನ್ಸಿನವರು ದೊಡ್ಡ ದೇವಾಲಯ ಕಟ್ಟುವಾಗ ಚೆನ್ನಾಗಿ ದುಡಿದ ಹೇಸರಗತ್ತೆಗಳನ್ನು ಬಿಡುಗಡೆ ಮಾಡಿ ಮೇಯಲು ಬಿಟ್ಟರಂತೆ. ಅವುಗಳಲ್ಲೊಂದು ತಾನಾಗಿ ಹಿಂದಿರುಗಿ, ಗಾಡಿ ಎಳೆಯುವ ಪ್ರಾಣಿಗಳ ಮುಂದೆ ಮುಂದೆ ನಡೆಯುತ್ತಿತ್ತಂತೆ. ಅದಕ್ಕೆ ಸಾಯುವವರೆಗೆ ಊರ ಖರ್ಚಿನಲ್ಲಿ ಮೇವು ಕೊಡಬೇಕೆಂದು ಠರಾವಾಯಿತು. ತಾನಾದರೆ ತನಗಾಗಿ ದುಡಿದ ಎತ್ತನ್ನು ಮುಪ್ಪಿನ ಕಾರಣಕ್ಕೆ ಮಾರಲಾರೆ, ಮನುಷ್ಯನ ಮಾತಂತೂ ದೂರ ಎಂಬರ್ಥದ ಮಾತನ್ನೂ ಪ್ಲೂಟಾರ್ಕ್ ಹೇಳುತ್ತಾನೆ.

ಪ್ಲೂಟಾರ್ಕನ ಎತ್ತನ್ನು ಓದುವಾಗೆಲ್ಲ ನನಗೆ ನಮ್ಮ ಬೊಳ್ಳನ ನೆನಪು ಬರುತ್ತದೆ. ಹೇಳಿಬಿಡುತ್ತೇನೆ.

ಕೇರಳದಲ್ಲಿ 1970ರಲ್ಲಿ ಭೂಸುಧಾರಣೆ ಜಾರಿಗೆ ಬಂದ ಮೇಲೆ ನಮ್ಮ ಗದ್ದೆ ಅರ್ಧಕ್ಕಿಳಿಯಿತು. ಅದು ಆದದ್ದು ಸರಿಯೇ, ಆ ವಾದ ಇಲ್ಲಿ ಬೇಡ. ಉಳಿದ ಗದ್ದೆಯಲ್ಲೂ ತಂದೆಯವರು ಅಡಿಕೆ ಸಸಿ ಇಟ್ಟರು. ಎರಡು ಎತ್ತುಗಳಿಗೆ ಕೆಲಸವಿಲ್ಲವಾಯಿತು. ಒಂದು ಸತ್ತಿತು. ಉಳಿದದ್ದು ಬೊಳ್ಳ. ನಾನಾಗ ಹತ್ತು ಹನ್ನೊಂದರ ಹುಡುಗ. ಮಾರಿದರೆ ಎಲ್ಲಿಗೆ ಹೋಗುತ್ತದೆಂದು ತಂದೆಯವರಿಗೆ ಗೊತ್ತಿತ್ತು. ಆದ್ದರಿಂದ ಮಾರಲಿಲ್ಲ. ಹೊಳೆಯಾಚೆ ಹುಲ್ಲು ಧಾರಾಳವಾಗಿದ್ದ ಒಬ್ಬರಿಗೆ, ‘ಸೆಗಣಿ ನಿಮಗೆ, ಎತ್ತು ಅಲ್ಲಿರಲಿ, ನೊಗ ಹೂಡಬೇಡಿ’ ಎಂದು ಹೇಳಿ ಕೊಟ್ಟರು. ಕೊರಳಿನ ಗಂಟೆಯನ್ನು ಬಿಚ್ಚಿ ಹಟ್ಟಿಯ ಮಾಡಿಗೆ ತೂಗುಹಾಕಿದರು. ದೋಣಿಗೆ ಹತ್ತಲು ಅದು ಒಪ್ಪಲಿಲ್ಲ, ಈಜಿಸಿಕೊಂಡೇ ದಾಟಿಸಿದರು. ತಲೆ ಮಾತ್ರ ನೀರಿನ ಮೇಲೆ ಕಾಣುತ್ತಿತ್ತು.

ಎತ್ತನ್ನು ಕೇಳಿ ಯಾರೂ ಅದರ ಕೈ ಬದಲಿಸುವುದಿಲ್ಲ. ಕೇಳದೆ ಕೈ ಬದಲಾಗುವುದೆಂದರೆ ಏನೆಂದು 1956ರ ನವೆಂಬರ್ 1ರ ಕತೆ ಕೇಳಿ ಬೆಳೆದ ನಮಗೂ ಅಷ್ಟಿಷ್ಟು ಗೊತ್ತು. ಆದರೆ ನಮಗೆ ಅರ್ಜಿ ಬರೆಯಲು ಬರುತ್ತದೆ.

ಆ ಮೇಲೆ ನಾವು ಯಾರೂ ಬೊಳ್ಳನನ್ನು ನೋಡಲು ಹೋಗಲಿಲ್ಲ. ದೂರವೇನಿರಲಿಲ್ಲ, ದೋಣಿ ದಾಟಿದರೆ ಒಂದು ಗಂಟೆಯ ಹಾದಿ. ತಂದೆಯವರು ಹಾಸಿಗೆ ಹಿಡಿದ ಕೊನೆಯ ತಿಂಗಳಲ್ಲಿ, ಇಪ್ಪತ್ತು ವರ್ಷಗಳ ನಂತರ, ಒಂದು ದಿನ ಇದ್ದಕ್ಕಿದ್ದಂತೆ ಕೇಳಿದರು: ‘ಬೊಳ್ಳನನ್ನು ಹೋಗಿ ಕಂಡವರುಂಟೋ?’ ನಾನು ಏನೂ ಹೇಳಲಿಲ್ಲ. ಅವರು ತೀರಿಕೊಂಡ ಮೇಲೆ ವಿಚಾರಿಸಿದೆ. ಸಾಕಲು ಒಪ್ಪಿದ್ದವರು ಎಂದೋ ಹೋಗಿಬಿಟ್ಟಿದ್ದರು. ಮಕ್ಕಳು ಗಲ್ಫಿನಲ್ಲಿ. ಅಂಥದ್ದೊಂದು ಎತ್ತು ಇದ್ದದ್ದೇ ಅಲ್ಲಿ ಯಾರಿಗೂ ನೆನಪಿರಲಿಲ್ಲ.

ತಂದೆಯವರು ಮಾಡಿದ್ದು ತಪ್ಪೇ? ಹಣ ಪಡೆಯಲಿಲ್ಲ, ಹುಲ್ಲಿರುವ ಜಾಗ ನೋಡಿ ಕೊಟ್ಟರು, ದುಡಿಸಬೇಡಿ ಎಂದು ಹೇಳಿದರು. ಕೇಟೋನ ಸಾಲಿನಲ್ಲಿ ಅವರನ್ನು ನಿಲ್ಲಿಸಲಾರೆ. ಆದರೆ ನೋಡಲು ಹೋಗಲಿಲ್ಲ. ಹೋಗದಿದ್ದದ್ದು ಮರೆವಿನಿಂದಲ್ಲ ಎಂದು ನನಗೆ ಈಗ ಅನಿಸುತ್ತದೆ. ಹೋದರೆ ತಿಳಿಯುತ್ತದೆ. ನೊಗದ ಗಾಯ ಕಂಡರೆ ಏನಾದರೂ ಮಾಡಬೇಕಾಗುತ್ತದೆ, ಹಿಂದಕ್ಕೆ ತರಬೇಕಾಗುತ್ತದೆ. ಹೋಗದಿದ್ದರೆ ಎತ್ತು ಹುಲ್ಲು ಮೇಯುತ್ತಲೇ ಇರುತ್ತದೆ, ನಮ್ಮ ಮನಸ್ಸಿನಲ್ಲಿ.

ಇಂಗ್ಲೆಂಡಿನ ಕರಾರುಗಳ ವಿಷಯ ತಿಳಿದಾಗ ಮೊದಲು ನನಗೂ ನಗು ಬಂತು. ಡಾಕ್ಟರ ಖರ್ಚು ಯಾರದು, ಗೊರಸಿನ ಖರ್ಚು ಯಾರದು, ಬೇರೆ ಯಾರಾದರೂ ಸವಾರಿ ಮಾಡಬಹುದೇ, ಹಿಂದಕ್ಕೆ ಕೊಡುವುದಾದರೆ ಎಷ್ಟು ವಾರ ಮುಂಚೆ ತಿಳಿಸಬೇಕು, ಯಜಮಾನ ಬಂದು ನೋಡುವ ಹಕ್ಕು, ಎಲ್ಲವೂ ಬರವಣಿಗೆಯಲ್ಲಿ. ನಮ್ಮಲ್ಲಿ ಬರೆಸಿಕೊಳ್ಳುವುದೆಂದರೆ ನಂಬಿಕೆಯಿಲ್ಲವೆಂದು ಅರ್ಥ. ಮರ್ಯಾದಸ್ಥರು ಮಾತಿನಲ್ಲೇ ಮುಗಿಸುತ್ತಾರೆ. ಆದರೆ ಕೊಟ್ಟವನೂ ಮರೆಯದಿರಲೆಂದೇ ಈ ಕಾಗದ ಎಂದು ಆ ಮೇಲೆ ಹೊಳೆಯಿತು. ಕಾಗದವಿದ್ದೂ ಮೋಸ ನಡೆಯುವುದುಂಟು. ಎರವಲು ಪಡೆದ ಕುದುರೆಯನ್ನು ತನ್ನದೆಂದು ಮಾರಿಬಿಟ್ಟವರು ಅಲ್ಲಿಯೂ ಇದ್ದಾರೆ; ‘ಒಳ್ಳೆಯ ಮನೆಗೆ ಧರ್ಮಕ್ಕೆ ಕೊಡುತ್ತೇವೆ’ ಎಂಬ ಜಾಹೀರಾತನ್ನು ಕಾದು ಕೂತವರೂ ಇದ್ದಾರೆ. 2020ರ ಅಕ್ಟೋಬರಿನಿಂದ ಇಂಗ್ಲೆಂಡಿನಲ್ಲಿ ಪ್ರತಿ ಕುದುರೆಗೂ ಚರ್ಮದಡಿಯ ಮೈಕ್ರೋಚಿಪ್ ಕಡ್ಡಾಯ. ಅಲ್ಲಿನ 2006ರ ಪ್ರಾಣಿಕ್ಷೇಮ ಕಾನೂನಿನಲ್ಲಿ ನನಗೆ ಮೆಚ್ಚಿಗೆಯಾದ ಒಂದು ಮಾತಿದೆ: ಪ್ರಾಣಿ ಯಾರ ವಶದಲ್ಲೇ ಇರಲಿ, ಅದರ ಒಡೆಯ ಯಾವಾಗಲೂ ಹೊಣೆಗಾರನೆಂದೇ ಲೆಕ್ಕ. ವಶದಲ್ಲಿಟ್ಟುಕೊಂಡವನೂ ಹೊಣೆಗಾರ, ಆದರೆ ಅದರಿಂದ ಒಡೆಯನ ಹೊಣೆ ಕಳಚುವುದಿಲ್ಲ. ಸಕ್ಕರೆಯನ್ನು ಹಂಚಿದರೆ ನನ್ನ ಪಾಲು ಕಡಿಮೆಯಾಗುತ್ತದೆ, ಹೊಣೆ ಹಾಗಲ್ಲ.

ಕರಾರಿನ ಇನ್ನೊಂದು ಕಲಮು ನಮ್ಮವರಿಗೆ ನುಂಗಲು ಕಷ್ಟ. ಕುದುರೆ ಗುಣವಾಗದ ನೋವಿನಲ್ಲಿದ್ದರೆ ಅದನ್ನು ಮುಗಿಸುವ ನಿರ್ಧಾರ ಯಾರದು? ಒಡೆಯನದು. ಒಡೆಯ ಸಿಕ್ಕದಿದ್ದರೆ ಡಾಕ್ಟರ ಮಾತಿನಂತೆ ಸಾಕುವವನು ಒಪ್ಪಿಗೆ ಕೊಡಬಹುದು. ಅದನ್ನೂ ಮೊದಲೇ ಬರೆದಿಡುತ್ತಾರೆ. ಕೊಲ್ಲುವ ಮಾತನ್ನು ಕಾಗದದಲ್ಲಿ ಬರೆಯುವ ಈ ಜನ ಎಂಥವರು ಎಂದು ನನ್ನ ತಂಗಿ ಕೇಳಿದಳು. ಒಂದು ಹಳೆಯ ಸಂಗತಿ ಹೇಳಿದೆ. ಮೊದಲ ಮಹಾಯುದ್ಧ ಮುಗಿದಾಗ ಬ್ರಿಟಿಷ್ ಸೇನೆ ತನ್ನ ಸಾವಿರಾರು ಕುದುರೆಗಳನ್ನು ಊರಿಗೆ ಒಯ್ಯದೆ ಈಜಿಪ್ಟಿನಲ್ಲಿ ಮಾರಿತು. ಕೇಟೋ ಮಾಡಿದ್ದನ್ನೇ ದೊಡ್ಡದಾಗಿ. ನಮ್ಮ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಕುದುರೆಯೇರಿ ಗೆದ್ದದ್ದು ಅದೇ ಯುದ್ಧದಲ್ಲಿ, ಅಲ್ಲಿಗೆ ಬಹಳ ದೂರವಲ್ಲದ ಕಡೆ. ಡೊರೊಥಿ ಬ್ರೂಕ್ ಎಂಬ ಹೆಂಗಸು 1930ರಲ್ಲಿ ಕೈರೋಗೆ ಬಂದಾಗ, ಆ ಕುದುರೆಗಳಲ್ಲಿ ಬದುಕುಳಿದವು ಎಲುಬಿನ ಗೂಡಾಗಿ ಗಾಡಿ ಎಳೆಯುತ್ತಿದ್ದವು. 1931ರಲ್ಲಿ ಲಂಡನ್ನಿನ ಪತ್ರಿಕೆಗೆ ಆಕೆ ಒಂದು ಪತ್ರ ಬರೆದರು. ಹಣ ಹರಿದು ಬಂತು. ಮೂರು ವರ್ಷಗಳಲ್ಲಿ ಸುಮಾರು 5,000 ಕುದುರೆಗಳನ್ನು ಕೊಂಡರು. 1934ರಲ್ಲಿ ಕೈರೋದಲ್ಲಿ ಆಸ್ಪತ್ರೆ ಹುಟ್ಟಿತು. ಆದರೆ ಕೊಂಡವುಗಳಲ್ಲಿ ಹೆಚ್ಚಿನವು ಉಳಿಯುವ ಸ್ಥಿತಿಯಲ್ಲಿರಲಿಲ್ಲ. ಅವನ್ನು ನೋವಿಲ್ಲದೆ ಕೊನೆಗೊಳಿಸಬೇಕಾಯಿತು. ಕೊಲ್ಲುವುದಕ್ಕಾಗಿ ಹಣ ಕೊಟ್ಟು ಕೊಂಡರು ಎನ್ನಿ. ಮಾರಿದವರ ಕೈಯಲ್ಲಿ ಒಂದು ಹನಿ ರಕ್ತವಿರಲಿಲ್ಲ. ಯಾರದು ದಯೆ, ಯಾರದು ಕ್ರೌರ್ಯ? ತಂಗಿ ಉತ್ತರಿಸಲಿಲ್ಲ. ನನಗೂ ಇದರಲ್ಲಿ ಪೂರ್ತಿ ಸಮಾಧಾನವಿಲ್ಲ. ಆದರೆ ಹಟ್ಟಿಯಿಂದ ಕಾಣದ ಕಡೆಗೆ ದಾಟಿಸಿ ಕೈ ತೊಳೆದುಕೊಳ್ಳುವ ನಮ್ಮ ಅಹಿಂಸೆಯ ಮೇಲೆ ಅಂದಿನಿಂದ ನನಗೆ ಗೌರವ ಕಡಿಮೆಯಾಗಿದೆ.

ಗೋವಿನ ಹಾಡನ್ನು ನಾವೆಲ್ಲ ಪುಣ್ಯಕೋಟಿಯ ಸತ್ಯಕ್ಕಾಗಿ ಓದುತ್ತೇವೆ, ಮಕ್ಕಳಿಗೂ ಅದನ್ನೇ ಹೇಳಿಕೊಡುತ್ತೇವೆ. ನನಗೆ ಈಗ ಹೆಚ್ಚು ಕಾಡುವುದು ಅವಳು ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸುವ ಗಳಿಗೆ. ಸಾಯಲು ಹೊರಟವಳಿಗೆ ಮತ್ತೆ ಬಂದು ನೋಡುವ ದಾರಿಯಿರಲಿಲ್ಲ. ಆದ್ದರಿಂದಲೇ ಆ ಒಪ್ಪಿಸುವಿಕೆಗೆ ಅಷ್ಟು ಕಣ್ಣೀರು. ದಾರಿಯಿದ್ದ ನಮ್ಮ ಮಾತು ಬೇರೆ.

ಮಲೆಯಾಳದಲ್ಲಿ ‘ನೋಕ್ಕುಗ’ ಎಂದರೆ ನೋಡುವುದು. ಆರೈಕೆ ಮಾಡುವುದಕ್ಕೂ ಅದೇ ಪದ. ಕನ್ನಡದಲ್ಲಿ ನಾವು ನೋಡಿಕೊಳ್ಳುವುದು ಎನ್ನುತ್ತೇವೆ. ಎರಡು ಭಾಷೆಯ ನಡುವೆ ಬೆಳೆದ ನಮಗೆ ಇಂಥ ಮಾತುಗಳು ಸವೆದ ನಾಣ್ಯದಂತಾಗಿವೆ. ನನ್ನ ತಂಗಿ ಈಗ ತೋಟದ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಮಂಡಿ ನೋವು, ರಕ್ತದೊತ್ತಡ. ಬೆಳಗ್ಗೆ ಎಂಟರಿಂದ ಸಂಜೆ ಐದರ ತನಕ ಪಕ್ಕದ ಊರಿನ ಒಬ್ಬ ಹೆಂಗಸು ಬಂದು ಅವಳಿಗೆ ಸ್ನಾನಕ್ಕೆ, ಊಟಕ್ಕೆ ಸಹಾಯ ಮಾಡುತ್ತಾಳೆ. ಮಗಳು ಇಂಗ್ಲೆಂಡಿಗೆ ಹೊರಟ ದಿನ ಆಕೆ ಬಾಗಿಲಲ್ಲಿ ನಿಂತು ‘ಞಾನ್ ನೋಕ್ಕಿಕ್ಕೋಳಾಂ’ ಎಂದಿದ್ದಳು. ಹಾಗೆಯೇ ನಡೆದುಕೊಂಡೂ ಬಂದಿದ್ದಾಳೆ. ಹೆತ್ತವರನ್ನು ಕುದುರೆಗೆ ಹೋಲಿಸುವುದು ನನಗೆ ಇಷ್ಟವಿಲ್ಲ. ಕೇಟೋನ ಪಟ್ಟಿ ಶುರುವಾದದ್ದೇ ಹಾಗೆ. ಆದರೆ ನಮ್ಮ ಹುಡುಗಿ ಅಲ್ಲಿ ಯಾರದೋ ತಾಯಂದಿರನ್ನು ವಾರ್ಡಿನಲ್ಲಿ ನೋಡಿಕೊಳ್ಳುತ್ತಾಳೆ, ಇಲ್ಲಿ ಇನ್ನೊಬ್ಬಳು ಅವಳ ತಾಯಿಯನ್ನು ನೋಡಿಕೊಳ್ಳುತ್ತಾಳೆ, ಎರಡೂ ಕಡೆ ಸಂಬಳವುಂಟು. ಸಂಬಳವಿಲ್ಲದ್ದು ಆ ಮುದಿ ಕುದುರೆಯ ಚಾಕರಿ ಮಾತ್ರ. ಅದೊಂದನ್ನು ಅವಳು ಹಣ ಕೊಟ್ಟು ಮಾಡುತ್ತಾಳೆ. ಏಕೆಂದು ನಾನು ಕೇಳಿಲ್ಲ. ಡಿಸೆಂಬರಿನಲ್ಲಿ ಬಂದು ಹೋದಾಗ, ಬೇಡವೆಂದರೂ ಕೇಳದೆ ಅಮ್ಮನ ತಲೆಗೆ ದಿನಾ ಎಣ್ಣೆ ಹಚ್ಚುತ್ತಿದ್ದಳು.

ಕುದುರೆಯ ಯಜಮಾನಿ ಪ್ರತಿ ಭಾನುವಾರ ಬರುತ್ತಾಳಂತೆ. ಅವಳಿಗೆ ಈಗ ಸವಾರಿ ಆಗದು, ಸೊಂಟದ ಶಸ್ತ್ರಕ್ರಿಯೆಯಾಗಿದೆ. ಬೇಲಿಯ ಹತ್ತಿರ ನಿಂತು ನೋಡುತ್ತಾಳೆ. ಕುದುರೆ ಕೆಲವೊಮ್ಮೆ ತಲೆಯನ್ನೂ ಎತ್ತುವುದಿಲ್ಲ. ಅವಳು ಅದರ ಕಾಲುಗಳನ್ನು ಒಂದೊಂದಾಗಿ ಮುಟ್ಟಿ ಬಿಸಿಯುಂಟೋ ಎಂದು ಪರೀಕ್ಷಿಸಿ, ನಮ್ಮ ಹುಡುಗಿಯೊಡನೆ ಒಂದು ಕಪ್ ಚಹಾ ಕುಡಿದು ಹೋಗುತ್ತಾಳೆ.

ತಂಗಿಯ ಸಿಟ್ಟು ಈಗ ಇಳಿದಿದೆ. ಹೋದ ವಾರ ಫೋನಿನಲ್ಲಿ ಮಗಳ ಊಟದ ವಿಚಾರ ಮುಗಿದ ಮೇಲೆ, ‘ಅದು ಹುಲ್ಲು ಜಗಿಯುತ್ತದೆಯಂತೋ?’ ಎಂದು ಕೇಳಿದಳು. ಇಲ್ಲ, ನೆನೆಸಿ ಕೊಡುವುದು ಎಂದು ಉತ್ತರ ಬಂತು. ಹುರುಳಿಯನ್ನು ಚೆನ್ನಾಗಿ ಬೇಯಿಸಿ, ಅರೆದು, ತೆಳ್ಳಗೆ ಮಾಡಿ ಕೊಟ್ಟು ನೋಡಲಿ ಎಂದು ಇವಳ ಸಲಹೆ. ಡಾಕ್ಟರಲ್ಲಿ ಕೇಳಿ ಹೇಳುತ್ತೇನೆ ಎಂದಳಂತೆ ಹುಡುಗಿ.