‘ನಮ್ಮ ತಂಡ’ ಎನ್ನುವಾಗ

1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಮೊದಲ ಸಲ ಭಾರತೀಯರ ತಂಡವೊಂದರ ಕೈಸೇರಿತು. 1891ರಲ್ಲಿ ಶುರುವಾದ ಈ ಫುಟ್‌ಬಾಲ್ ಪಂದ್ಯಾವಳಿಯನ್ನು ಅಲ್ಲಿಯವರೆಗೆ ಗೆಲ್ಲುತ್ತಿದ್ದುದು ಬ್ರಿಟಿಷ್ ಪಲ್ಟನ್ನುಗಳು. ಆ ಸಾಲನ್ನು ಮುರಿದದ್ದು ಬೆಂಗಳೂರಿನ ತಂಡ. ಅದರ ಹೆಸರು ಬೆಂಗಳೂರು ಮುಸ್ಲಿಮ್ಸ್. ಫೈನಲ್‌ನಲ್ಲಿ ಅವರಿಗೆ ಸೋತದ್ದು ಆಗ ಕಲ್ಕತ್ತೆಯ ಲೀಗನ್ನು ವರ್ಷ ವರ್ಷವೂ ಗೆಲ್ಲುತ್ತಿದ್ದ ಮಹಮ್ಮಡನ್ ಸ್ಪೋರ್ಟಿಂಗ್. ಮರುವರ್ಷ ಅದೇ ಬೆಂಗಳೂರು ತಂಡ ಫೈನಲ್‌ನಲ್ಲಿ ಬ್ರಿಟಿಷ್ ಪಲ್ಟನ್ನೊಂದನ್ನೇ ಸೋಲಿಸಿ ಕಪ್ಪನ್ನು ಉಳಿಸಿಕೊಂಡಿತು.

ಈ ಸಂಗತಿ ಹೇಳಿದಾಗಲೆಲ್ಲ ಕೇಳುವವರ ಮುಖದಲ್ಲಿ ಎರಡು ಭಾವಗಳನ್ನು ಕಂಡಿದ್ದೇನೆ. ‘ಪಲ್ಟನ್ನುಗಳ ಕಪ್ಪನ್ನು ಮೊದಲು ಕಿತ್ತುಕೊಂಡವರು ನಮ್ಮ ಬೆಂಗಳೂರಿನವರು’ ಎಂದಾಗ ಮುಖ ಅರಳುತ್ತದೆ. ತಂಡದ ಹೆಸರು ಹೇಳಿದಾಗ ಒಂದು ಕ್ಷಣ ಮಾತು ನಿಲ್ಲುತ್ತದೆ. ‘ಆಗಲೇ ಧರ್ಮದ ಹೆಸರಲ್ಲಿ ತಂಡ ಕಟ್ಟುತ್ತಿದ್ದರಾ?’ ಎಂದು ಕೆಲವರು ಕೇಳುತ್ತಾರೆ. ಇನ್ನು ಕೆಲವರು ಏನೂ ಕೇಳುವುದಿಲ್ಲ; ‘ನಮ್ಮ’ ಎಂಬ ಮಾತನ್ನು ಮಾತ್ರ ಮತ್ತೆ ಆಡುವುದಿಲ್ಲ. ಆ ಒಂದು ಕ್ಷಣದ ಬಗ್ಗೆ ಈ ಬರಹ. ಒಂದು ತಂಡವನ್ನು ‘ನಮ್ಮದು’ ಎನ್ನಲು ಏನು ಬೇಕು? ಹಾಗೆ ಕರೆದ ಮೇಲೆ ನಮ್ಮ ಹೆಗಲಿಗೆ ಬೀಳುವ ಹೊಣೆ ಯಾವುದು?

ಕನ್ನಡದ ‘ನಮ್ಮ’ ಎಂಬ ಮಾತು ಈ ಪ್ರಶ್ನೆಗೆ ತಾನಾಗಿ ಉತ್ತರ ಕೊಡುವುದಿಲ್ಲ. ತೆಲುಗಿನವರು ಕೇಳುವವನನ್ನೂ ಸೇರಿಸಿಕೊಂಡು ಹೇಳುವಾಗ ‘ಮನ’ ಎನ್ನುತ್ತಾರೆ, ಅವನನ್ನು ಬಿಟ್ಟು ಹೇಳುವಾಗ ‘ಮಾ’ ಎನ್ನುತ್ತಾರೆ. ತಮಿಳಿನ ಆಡುಮಾತಿನಲ್ಲಿ ಸೇರಿಸಿಕೊಳ್ಳುವುದಕ್ಕೆ ‘ನಮ್ಮ’, ಬಿಡುವುದಕ್ಕೆ ‘ಎಂಗ’. ಇಂದಿನ ಕನ್ನಡದಲ್ಲಿ ಎರಡಕ್ಕೂ ಒಂದೇ ಪದ. ‘ನಮ್ಮ ತಂಡ’ ಎಂದು ನಾನು ನಿಮಗೆ ಹೇಳಿದರೆ ಅದರಲ್ಲಿ ನೀವು ಇದ್ದೀರೋ ಇಲ್ಲವೋ ಎಂಬುದನ್ನು ನನ್ನ ದನಿಯಿಂದ, ನನ್ನ ನಡೆಯಿಂದ ನೀವೇ ಊಹಿಸಿಕೊಳ್ಳಬೇಕು. ವ್ಯಾಕರಣ ಮಾಡದ ಕೆಲಸವನ್ನು ನಮ್ಮ ನಡತೆ ಮಾಡಬೇಕಾಗಿದೆ.

ಬೆಂಗಳೂರಿನ ಹಳೆಯ ಫುಟ್‌ಬಾಲನ್ನು ಈ ಕಣ್ಣಿನಿಂದ ನೋಡಿದರೆ ಅದು ತಂಡಗಳ ಹೆಸರಿನ ಚರಿತ್ರೆಯೂ ಹೌದು. ಆಟ ಬೇರುಬಿಟ್ಟದ್ದು ಪೇಟೆಯಲ್ಲಿ ಅಲ್ಲ, ದಂಡಿನಲ್ಲಿ. 1809ರಲ್ಲಿ ನೆಲೆಗೊಂಡ ದಂಡಿಗೆ ಸಿಪಾಯಿಗಳ ಜೊತೆ ಚೆಂಡೂ ಬಂತು. ಮೊದಲು ಪಲ್ಟನ್ನುಗಳ ಹೆಸರು. ಆಮೇಲೆ ಸುತ್ತಲಿನ ಬೀದಿಗಳಲ್ಲಿ ಬರಿಗಾಲಲ್ಲಿ ಆಡಿ ಕಲಿತವರ ತಂಡಗಳು: ಬೆಂಗಳೂರು ಮುಸ್ಲಿಮ್ಸ್, ಕ್ರೆಸೆಂಟ್ಸ್. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದಂಥ ಬಡಾವಣೆಗಳು ಆಟಗಾರರ ತವರಾದವು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ ಹುಟ್ಟಿದ ಮೇಲೆ ಕಾರ್ಖಾನೆಗಳ ಹೆಸರು ಬಂತು. 2013ರಲ್ಲಿ ಊರಿನ ಹೆಸರು ಹೊತ್ತು, ಕಂಪನಿಯೊಂದರ ಒಡೆತನದಲ್ಲಿ ಬೆಂಗಳೂರು ಎಫ್‌ಸಿ ಬಂತು. ಪಲ್ಟನ್ನು, ಸಮುದಾಯ, ಕಾರ್ಖಾನೆ, ಕಂಪನಿ: ‘ಯಾರ ತಂಡ?’ ಎಂಬ ಒಂದೇ ಪ್ರಶ್ನೆಗೆ ನಾಲ್ಕು ಕಾಲದಲ್ಲಿ ಬಂದ ನಾಲ್ಕು ಉತ್ತರಗಳಿವು.

ಇದರ ನಡುವೆ ಇನ್ನೊಂದು ಹೆಸರೂ ಇತ್ತು: ಮೈಸೂರು. 1946–47ರ ಸಾಲಿನಲ್ಲಿ ಬಂಗಾಳವನ್ನು ಸೋಲಿಸಿ ಮೈಸೂರು ತಂಡ ಸಂತೋಷ್ ಟ್ರೋಫಿ ಗೆದ್ದಿತು. ಇದರಲ್ಲೊಂದು ಸೋಜಿಗವಿದೆ. ಆ ಆಟವನ್ನು ಬೆಳೆಸಿದ ದಂಡು ಪ್ರದೇಶ 1881ರಿಂದ 1947ರ ಜುಲೈವರೆಗೆ ಮಹಾರಾಜರ ಸರ್ಕಾರದ ಕೈಯಲ್ಲಿರಲೇ ಇಲ್ಲ. ಬ್ರಿಟಿಷರೇ ಅದನ್ನು ಬೇರೆಯಾಗಿ ಆಳುತ್ತಿದ್ದರು. ಅಲ್ಲಿಯ ಮನೆಮಾತು ಹೆಚ್ಚಾಗಿ ತಮಿಳು, ಉರ್ದು, ತೆಲುಗು. ಗಡಿಗೆರೆಯ ಲೆಕ್ಕದಲ್ಲಾಗಲಿ ಭಾಷೆಯ ಲೆಕ್ಕದಲ್ಲಾಗಲಿ ‘ಹೊರಗಿನವರು’ ಎನಿಸಿಕೊಳ್ಳಬಹುದಾಗಿದ್ದ ಹುಡುಗರು ಮೈಸೂರಿನ ಹೆಸರನ್ನು ಬೆನ್ನಿಗೆ ಹೊತ್ತು ಗೆದ್ದುಕೊಟ್ಟರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1–2ರಿಂದ ಸೋತಿತು. ಸ್ವತಂತ್ರ ಭಾರತದ ಆ ಒಂದು ಗೋಲು ಹೊಡೆದವರು ಮೈಸೂರಿಗೆ ಆಡುತ್ತಿದ್ದ ಸಾರಂಗಪಾಣಿ ರಾಮನ್. ಆ ದಿನ ನಮ್ಮವರಲ್ಲಿ ಹೆಚ್ಚಿನವರು ಆಡಿದ್ದು ಬರಿಗಾಲಲ್ಲಿ.

ಇಂಥ ಸೇರ್ಪಡೆಗೆ ಇನ್ನೂ ದೊಡ್ಡ ಉದಾಹರಣೆ ಕಲ್ಕತ್ತೆಯಲ್ಲಿದೆ. ಅಲ್ಲಿಯ ಈಸ್ಟ್ ಬೆಂಗಾಲ್ ಕ್ಲಬ್ಬಿನ ಹೆಸರೇ ಹೇಳುವಂತೆ ಅದು ಪೂರ್ವ ಬಂಗಾಳದವರದು. 1947ರಲ್ಲಿ ಮನೆಮಠ ಬಿಟ್ಟು ಬಂದ ನಿರಾಶ್ರಿತರು ಕಳೆದುಹೋದ ನೆಲದ ಹೆಸರನ್ನು ಉಳಿಸಿಕೊಂಡದ್ದು ಆ ಕ್ಲಬ್ಬಿನಲ್ಲಿ. ಅದರ ವೈಭವದ ಕಾಲದ ಐವರು ಮುಂಪಡೆಯ ಆಟಗಾರರು ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಐವರೂ ದಕ್ಷಿಣದವರು, ಅಹ್ಮದ್ ಖಾನ್ ಮತ್ತು ಧನರಾಜ್ ಬೆಂಗಳೂರಿನವರು. ಅಭಿಮಾನಿಗಳು ಅವರಿಗೆ ಇಟ್ಟ ಹೆಸರು ‘ಪಂಚಪಾಂಡವರು’. ದೇಶವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದ ಕಾಲ. ಧರ್ಮದ ಹೆಸರಿನ ಹಿಂಸೆಯಿಂದ ಊರು ಬಿಟ್ಟು ಬಂದಿದ್ದ ಜನ ಇಬ್ಬರು ಮುಸಲ್ಮಾನರನ್ನು ಪಾಂಡವರೊಳಗೆ ಸೇರಿಸಿ ಕೂಗಿದರು. ಅದನ್ನು ದೊಡ್ಡ ಔದಾರ್ಯವೆಂದು ಅವರು ಭಾವಿಸಿರಲಾರರು. ಚೆಂಡು ಗೋಲಿಗೆ ಹೋಗುತ್ತಿತ್ತು, ಅವರು ಕೂಗಿದರು, ಅಷ್ಟೇ. ಆದರೂ ‘ನಮ್ಮ’ ಎಂಬ ಮಾತು ಎಷ್ಟು ಅಗಲ ಬಾಯಿ ತೆರೆಯಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಹಾಗಾದರೆ ಸಮುದಾಯದ ಹೆಸರಿನ ತಂಡಗಳೇ ತಪ್ಪೇ? ಗಾಂಧೀಜಿ ಹಾಗೆ ಯೋಚಿಸಿದ್ದರು. ಹಿಂದೂ, ಮುಸ್ಲಿಂ, ಪಾರ್ಸಿ, ಯುರೋಪಿಯನ್, ಇತರರು ಎಂದು ತಂಡ ಕಟ್ಟಿ ಆಡುತ್ತಿದ್ದ ಮುಂಬಯಿಯ ಪೆಂಟಾಂಗ್ಯುಲರ್ ಕ್ರಿಕೆಟ್ಟನ್ನು ಅವರು 1940ರ ಕೊನೆಯಲ್ಲಿ ಬಹಿರಂಗವಾಗಿ ವಿರೋಧಿಸಿದರು. 1946ರ ಹೊತ್ತಿಗೆ ಆ ಪಂದ್ಯಾವಳಿ ಮುಗಿಯಿತು. ಅವರ ಆತಂಕದಲ್ಲಿ ನ್ಯಾಯವಿದೆ. ಮೈದಾನದಲ್ಲಿ ಗುಂಪುಗೂಡಿ ಕೂಗಿ ರೂಢಿಯಾದದ್ದು ಬೀದಿಗೆ ಬರಲು ಹೆಚ್ಚು ಹೊತ್ತು ಬೇಕಿಲ್ಲ. ಆದರೂ ನನಗೆ ಒಂದು ವ್ಯತ್ಯಾಸ ಕಾಣುತ್ತದೆ. ಬಾಗಿಲು ಮುಚ್ಚಿರುವ ಕಡೆ, ಹೊರಗುಳಿದವರು ತಮ್ಮ ಹೆಸರಲ್ಲಿ ಕಟ್ಟಿಕೊಂಡ ತಂಡ ಅವರಿಗೆ ಒಳಗೆ ಬರುವ ದಾರಿ. ಒಳಗೇ ಇರುವವರು ತಮ್ಮ ಹೆಸರಲ್ಲಿ ಕಟ್ಟಿಕೊಂಡದ್ದು ಬೇಲಿ. ಬೋರ್ಡಿನ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ.

ಬೇಲಿ ತಂಡದ ಸುತ್ತ ಮಾತ್ರ ಇರಬೇಕೆಂದಿಲ್ಲ, ತಂಡದ ಒಳಗೂ ಇರಬಹುದು. ಧಾರವಾಡದಲ್ಲಿ ಹುಟ್ಟಿದ ಪಲವಂಕರ್ ಬಾಲೂ ಹಿಂದೂ ತಂಡದ ಬಹುದೊಡ್ಡ ಬೌಲರ್. ಹುಟ್ಟಿನಿಂದ ಅಸ್ಪೃಶ್ಯರೆನಿಸಿಕೊಂಡ ಅವರ ಕೈಯಿಂದ ಚೆಂಡು ಹಿಡಿಯಲು ಯಾರಿಗೂ ಮೈಲಿಗೆಯಿರಲಿಲ್ಲ. ಚಹಾದ ವೇಳೆಗೆ ಮಾತ್ರ ಅವರಿಗೆ ಹೊರಗೆ ಬೇರೆ ಲೋಟ. ಅವರ ವಿಕೆಟ್ಟುಗಳು ತಂಡದವು, ಅವರ ಬಾಯಾರಿಕೆ ಅವರೊಬ್ಬರದೇ. ನಾಯಕತ್ವ ಅವರಿಗೆ ದಕ್ಕಲಿಲ್ಲ. 1923ರಲ್ಲಿ ಅವರ ತಮ್ಮ ವಿಠಲ್ ಹಿಂದೂ ತಂಡದ ನಾಯಕರಾದರು.

ಹೆಸರಿನಲ್ಲಿ ಧರ್ಮವಿಲ್ಲದಿದ್ದರೆ ಸಾಕು ಎನ್ನುವವರು ಜರ್ಮನಿಯ ಕಥೆ ಕೇಳಬೇಕು. ಕಾಲದಲ್ಲಿ ಅದು ಬೆಂಗಳೂರಿನ ಕಥೆಗೆ ತೀರಾ ಹತ್ತಿರ. ಜರ್ಮನಿಯಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಸಂಘ ಹುಟ್ಟಿದ್ದು 1900ರಲ್ಲಿ. ಅದಕ್ಕೂ ಮೊದಲೇ, 1897ರಲ್ಲಿ, ದಕ್ಷಿಣ ಜರ್ಮನಿಯ ಕ್ಲಬ್ಬುಗಳು ಕಾರ್ಲ್ಸ್‌ರೂಹೆ ಎಂಬ ಊರಿನಲ್ಲಿ ಸೇರಿ ತಮ್ಮದೇ ಒಕ್ಕೂಟ ಕಟ್ಟಿದ್ದವು. 1898ರಲ್ಲಿ ಅದರ ಮೊದಲ ಚಾಂಪಿಯನ್‌ಷಿಪ್ ನಡೆಯಿತು. ಆ ಊರಿನ ಕ್ಲಬ್ಬಿಗೆ, ಕಾರ್ಲ್ಸ್‌ರೂಹೆ ಎಫ್‌ವಿಗೆ, ಊರಿನ ಹೆಸರಷ್ಟೇ. ಅದನ್ನು ಕಟ್ಟಿದವರಲ್ಲಿ ಯಹೂದಿ ವಾಲ್ಟರ್ ಬೆನ್ಸೆಮನ್ ಇದ್ದರು. ಮುಂದೆ 1920ರಲ್ಲಿ ‘ಕಿಕರ್’ ಪತ್ರಿಕೆಯನ್ನು ಶುರುಮಾಡಿದವರೂ ಅವರೇ. 1910ರಲ್ಲಿ ಆ ಕ್ಲಬ್ ಇಡೀ ಜರ್ಮನಿಯನ್ನು ಗೆದ್ದಿತು. ಅದರ ಮುಂಪಡೆಯಲ್ಲಿ ಆಡಿದ ಇಬ್ಬರು ಯಹೂದಿ ಹುಡುಗರು ಗಾಟ್‌ಫ್ರೀಡ್ ಫುಕ್ಸ್ ಮತ್ತು ಯೂಲಿಯುಸ್ ಹಿರ್ಷ್. ಇಬ್ಬರೂ ಜರ್ಮನಿಯ ರಾಷ್ಟ್ರೀಯ ತಂಡಕ್ಕೆ ಆಡಿದರು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ರಷ್ಯಾವನ್ನು 16–0ರಿಂದ ಸೋಲಿಸಿದಾಗ ಫುಕ್ಸ್ ಒಬ್ಬರೇ ಹತ್ತು ಗೋಲು ಹೊಡೆದರು. ಹಿರ್ಷ್ ಮೊದಲ ಮಹಾಯುದ್ಧದಲ್ಲಿ ಜರ್ಮನಿಗಾಗಿ ಹೋರಾಡಿ ಪದಕ ಪಡೆದರು.

1933ರ ಏಪ್ರಿಲ್‌ನಲ್ಲಿ, ಹಿಟ್ಲರ್ ಅಧಿಕಾರಕ್ಕೆ ಬಂದು ಇನ್ನೂ ಮೂರು ತಿಂಗಳೂ ತುಂಬದಿದ್ದಾಗ, ದಕ್ಷಿಣ ಜರ್ಮನಿಯ ಪ್ರಮುಖ ಕ್ಲಬ್ಬುಗಳು ಒಂದು ಹೇಳಿಕೆಗೆ ಸಹಿ ಹಾಕಿದವು: ಹೊಸ ಸರ್ಕಾರದ ಜೊತೆ ನಿಲ್ಲುತ್ತೇವೆ, ಯಹೂದಿಗಳನ್ನು ಕ್ರೀಡಾಸಂಘಗಳಿಂದ ತೆಗೆಯುವುದರಲ್ಲೂ ಕೈಜೋಡಿಸುತ್ತೇವೆ ಎಂದು. ಸಹಿ ಹಾಕಿದವುಗಳಲ್ಲಿ ಕಾರ್ಲ್ಸ್‌ರೂಹೆ ಎಫ್‌ವಿಯೂ ಇತ್ತು. ಪತ್ರಿಕೆಯಲ್ಲಿ ಅದನ್ನು ಓದಿದ ಹಿರ್ಷ್ ಕ್ಲಬ್ಬಿಗೆ ಕಾಗದ ಬರೆದು ತಾವಾಗಿಯೇ ಹೊರಬಂದರು. ಫುಕ್ಸ್ ದೇಶ ಬಿಟ್ಟು ಕೊನೆಗೆ ಕೆನಡಾ ಸೇರಿದರು. ಹಿರ್ಷ್ ಅಲ್ಲೇ ಉಳಿದರು. 1943ರ ಮಾರ್ಚ್‌ನಲ್ಲಿ ಅವರನ್ನು ಆಶ್ವಿಟ್ಸ್‌ಗೆ ಸಾಗಿಸಿದರು. ಅವರು ಮರಳಿ ಬರಲಿಲ್ಲ.

ಇದರಲ್ಲಿ ನನ್ನನ್ನು ಹೆಚ್ಚು ಕಾಡುವುದು ಆ ಸಹಿ. ಅದನ್ನು ಹಾಕಿದವರು ಊರಿನ ಕ್ಲಬ್ಬುಗಳ ಪದಾಧಿಕಾರಿಗಳು. ಅವರಲ್ಲಿ ಕೆಲವರಾದರೂ ಹಿರ್ಷ್ ಹೊಡೆದ ಗೋಲಿಗೆ ಎದ್ದು ನಿಂತು ಕೂಗಿದವರೇ ಇರಬೇಕು. ಹೆಸರಿನಲ್ಲಿ ಯಾವ ಧರ್ಮವೂ ಇಲ್ಲದ ತಂಡ ತನ್ನ ಒಳಗಿನವನನ್ನು ಒಂದೇ ದಿನದಲ್ಲಿ ಹೊರಗಿನವನನ್ನಾಗಿಸಿತು. ಕಲ್ಕತ್ತೆಯಲ್ಲಿ, ಕಳೆದುಕೊಂಡ ಒಂದು ನೆಲದ ಹೆಸರನ್ನೇ ಹೊತ್ತ ತಂಡ ಹೊರಗಿನ ಐವರನ್ನು ಪಾಂಡವರನ್ನಾಗಿಸಿತು. ಹಾಗಾಗಿ ಹೆಸರನ್ನು ನೋಡಿ ತೀರ್ಪು ಕೊಡುವುದನ್ನು ನಾನು ಬಿಟ್ಟಿದ್ದೇನೆ. ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಗೋಲು ಹೊಡೆಯಲಾರದ ದಿನವೂ ಅವನು ನಮ್ಮವನೇ?

ಈ ಪ್ರಶ್ನೆಗೆ ಹೆಚ್ಚು ಸದ್ದಿಲ್ಲದೆ ಉತ್ತರ ಕೊಟ್ಟದ್ದು ನಮ್ಮ ಕಾರ್ಖಾನೆ ತಂಡಗಳೆಂದು ನನಗೆ ಅನಿಸುತ್ತದೆ. ಎಚ್‌ಎಎಲ್, ಐಟಿಐಗಳ ಆಟಕ್ಕೆ ಹೊಳಪು ಕಡಿಮೆ ಇದ್ದಿರಬಹುದು. ಆದರೆ ಕ್ರೀಡಾ ಕೋಟಾದಲ್ಲಿ ಸೇರಿದ ಹುಡುಗನ ಮೊಣಕಾಲು ಕೈಕೊಟ್ಟ ಮೇಲೂ ಅವನ ನೌಕರಿ ಉಳಿಯುತ್ತಿತ್ತು. ಹಾಜರಿ ಪುಸ್ತಕದಲ್ಲಿ ಹೆಸರು, ತಿಂಗಳ ಕೊನೆಗೆ ಸಂಬಳ, ಮಕ್ಕಳ ಶಾಲೆ, ನಿವೃತ್ತಿಯ ದಿನ ಒಂದು ಹಾರ. ಆ ಭಾಗ್ಯ ಸಿಕ್ಕಿದ್ದು ಕೆಲವರಿಗೆ ಮಾತ್ರ, ನಿಜ. ಈಗಿನ ವೃತ್ತಿಪರ ಆಟದಲ್ಲಿ ಹಣ ಹೆಚ್ಚು, ಮೈದಾನ ಚೆಂದ. ಕರಾರು ಮುಗಿದ ದಿನ ಸಂಬಂಧವೂ ಮುಗಿಯುತ್ತದೆ. ಹಳೆಯದಕ್ಕೇ ಮರಳೋಣ ಎಂದು ನಾನು ಹೇಳುತ್ತಿಲ್ಲ. ಕರಾರಿನ ಕಾಲದಲ್ಲಿ ‘ನಮ್ಮ ಹುಡುಗ’ ಎಂದು ಕೂಗುವುದು ಸುಲಭವಾಗಿದೆ, ಆ ಮಾತನ್ನು ಉಳಿಸಿಕೊಳ್ಳುವ ಏರ್ಪಾಡು ಸಣ್ಣದಾಗಿದೆ.

ನಾನಿರುವ ಕುದೂರಿನ ಕಡೆ ಫುಟ್‌ಬಾಲ್ ಅಪರೂಪ. ನಮ್ಮದು ಕಬಡ್ಡಿ, ವಾಲಿಬಾಲ್. ಮಾಗಡಿ ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ಹೊನಲು ಬೆಳಕಿನ ಪಂದ್ಯಾವಳಿಗಳ ಪೋಸ್ಟರುಗಳು ಬಸ್ ಸ್ಟ್ಯಾಂಡಿನ ಗೋಡೆಗೆ ಬೀಳುತ್ತವೆ. ಪ್ರವೇಶ ಶುಲ್ಕ, ಬಹುಮಾನದ ಮೊತ್ತದ ಕೆಳಗೆ ಒಮ್ಮೊಮ್ಮೆ ಒಂದು ಷರತ್ತು: ಆಟಗಾರ ಆಯಾ ಊರಿನವನೇ ಆಗಿರಬೇಕು, ಆಧಾರ್ ಕಾರ್ಡ್ ತರಬೇಕು. ಷರತ್ತಿನ ಉದ್ದೇಶ ಒಳ್ಳೆಯದೇ. ದುಡ್ಡು ಕೊಟ್ಟು ಹೊರಗಿನಿಂದ ಆಟಗಾರರನ್ನು ಕರೆಸಿ ಗೆಲ್ಲುವುದನ್ನು ತಡೆಯಬೇಕಲ್ಲ. ಆದರೆ ಅದೇ ಷರತ್ತಿನ ಪ್ರಕಾರ, ಕೂಲಿಗೆಂದು ಬಂದು ಇಲ್ಲೇ ಹತ್ತು ವರ್ಷದಿಂದ ಬಾಡಿಗೆ ಮನೆಯಲ್ಲಿರುವವನ ಮಗ ಹೊರಗಿನವನು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದು ಹಬ್ಬಕ್ಕಷ್ಟೇ ಬರುವವನ ಹೆಸರು ಇಲ್ಲಿಯ ಕಾರ್ಡಿನಲ್ಲಿದ್ದರೆ ಅವನು ಊರಿನವನು. ಕಾರ್ಡಿಗೆ ವಿಳಾಸ ಗೊತ್ತು. ಯಾರು ಬೆಳಿಗ್ಗೆ ಎದ್ದು ಅಂಕಣಕ್ಕೆ ನೀರು ಚಿಮುಕಿಸಿದರು ಎಂಬುದು ಗೊತ್ತಿಲ್ಲ.

2023ರ ಮಾರ್ಚ್‌ನಲ್ಲಿ ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೂ ಹಿಂದಿನ ಗೆಲುವು 1968–69ರಲ್ಲಿ ಬಂದದ್ದು, ಆಗಿನ್ನೂ ರಾಜ್ಯದ ಹೆಸರು ಮೈಸೂರು. 54 ವರ್ಷದ ಬಳಿಕ ಬಂದ ಗೆಲುವಿಗೆ ನಾವು ಒಂದು ದಿನ ಚಪ್ಪಾಳೆ ತಟ್ಟಿದೆವು. ಆ ಹುಡುಗರಲ್ಲಿ ಎಷ್ಟು ಮಂದಿಯ ಹೆಸರು ನಮಗೆ ನೆನಪಿದೆ? ಬೆಂಗಳೂರಿನ ಗೌತಮಪುರದ ಜನ ತಮ್ಮ ಬೀದಿಯಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಪ್ರತಿಮೆಗಳ ಜೊತೆ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿಕೊಂಡಿದ್ದಾರೆ. ಬ್ರೆಜಿಲ್‌ನವನೊಬ್ಬನನ್ನು ‘ನಮ್ಮವನು’ ಎನ್ನಲು ಅವರು ಯಾವ ಕಾರ್ಡನ್ನೂ ಕೇಳಲಿಲ್ಲ. ಅವರು ಮನೆಯಲ್ಲಿ ಆಡುವ ತಮಿಳಿನಲ್ಲೂ ಕೇಳುವವನನ್ನು ಒಳಗೆ ಕರೆಯುವ ಪದ ‘ನಮ್ಮ’ ಎಂದೇ ಇದೆ. ನಮ್ಮ ನುಡಿಯಲ್ಲಿ ಅದೇ ಪದಕ್ಕೆ ಎರಡೂ ಅರ್ಥವಿದೆ. ಯಾವುದನ್ನು ಆರಿಸಿಕೊಳ್ಳುತ್ತೇವೆ ಎನ್ನುವುದು ಪ್ರತಿ ಸಲವೂ ನಮ್ಮ ಮೇಲೆಯೇ ಇದೆ.